ಘಾಟಿ ಇಳಿಯುವಾಗ ನ್ಯೂಟ್ರಲ್: ತೆಂಗಿನ ನಾಡಿನ ಬೈಕು, ಬ್ರೇಕು ಮತ್ತು ಒಂದು ಹಳೇ ಅಭ್ಯಾಸದ ಚರಿತ್ರೆ

ತಿಪಟೂರಿನಲ್ಲಿ ನಿಂತು ಪಶ್ಚಿಮಕ್ಕೆ ಮುಖ ಮಾಡಿದರೆ ರಾಷ್ಟ್ರೀಯ ಹೆದ್ದಾರಿ 73 ಎದುರಿಗೇ ಇದೆ. ಅದನ್ನೇ ಹಿಡಿದು ಹೊರಟರೆ ಅರಸೀಕೆರೆ, ಬಾಣಾವರ, ಹಳೇಬೀಡು, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ. ಅಲ್ಲಿಂದ ಮುಂದೆ ಚಾರ್ಮಾಡಿ ಘಾಟಿ. ಘಾಟಿ ಇಳಿದು ಉಜಿರೆಯಲ್ಲಿ ತಿರುಗಿದರೆ ಧರ್ಮಸ್ಥಳ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹುಡುಗರು ಬೈಕ್ ಕೊಂಡ ಮೇಲೆ ಮೊದಲು ಹೋಗುವ ದೂರದ ಊರುಗಳಲ್ಲಿ ಇದೂ ಒಂದು. ಹೊಸ ಗಾಡಿಗೆ ಹಾರ ಹಾಕಿಸಿ, ಹಿಂದೆ ಒಬ್ಬನನ್ನು ಕೂರಿಸಿಕೊಂಡು, ಬೆಳಗಿನ ಜಾವ ಬಿಡುತ್ತಾರೆ.

ಘಾಟಿಯ ಅರ್ಧಕ್ಕೆ ಬರುವ ಹೊತ್ತಿಗೆ ಒಂದು ವಾಸನೆ ಮೂಗಿಗೆ ಬಡಿಯುತ್ತದೆ. ಸುಟ್ಟ ರಬ್ಬರಿಗೂ ಸೀದ ಬಟ್ಟೆಗೂ ನಡುವಿನ ಒಂಥರಾ ಕಮಟು. ಎಷ್ಟೋ ಜನ ಅದು ಮುಂದೆ ಹೋಗುತ್ತಿರುವ ಲಾರಿಯದ್ದು ಅಂದುಕೊಳ್ಳುತ್ತಾರೆ. ಇನ್ನೆರಡು ತಿರುವು ಕಳೆದ ಮೇಲೆ ಗೊತ್ತಾಗುತ್ತದೆ: ಬ್ರೇಕ್ ಪೆಡಲ್ ಒತ್ತಿದರೆ ಕಾಲು ಕೆಳಕ್ಕೆ ಹೋಗುತ್ತದೆ, ಬೈಕು ಮುಂದಕ್ಕೇ ಹೋಗುತ್ತದೆ.

ಇವತ್ತಿನ ಮಾತು ಈ ಬಿಸಿಯ ಬಗ್ಗೆ. ಬ್ರೇಕ್ ಕಾಯುವುದಕ್ಕೆ ಯಂತ್ರದ ಕಾರಣ ಇರುತ್ತದೆ, ಸರಿ. ಆದರೆ ನಮ್ಮ ತೆಂಗಿನ ಸೀಮೆಯಲ್ಲಿ ಅದಕ್ಕೊಂದು ಚರಿತ್ರೆಯ ಕಾರಣವೂ ಇದೆ ಅನ್ನುವುದು ನನ್ನ ವಾದ. ಇಳಿಜಾರು ಬಂದ ಕೂಡಲೇ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕುವ ಒಂದು ಅಭ್ಯಾಸ ಇದೆಯಲ್ಲ, ಅದು ಎಲ್ಲಿಂದ ಬಂತು? ಯಾರು ಯಾರಿಗೆ ಕಲಿಸಿದರು? ಅದನ್ನು ಹುಡುಕುತ್ತಾ ಹೋದರೆ ಎತ್ತಿನ ಗಾಡಿಯವರೆಗೂ ಹೋಗಬೇಕಾಗುತ್ತದೆ.

ಮೊದಲು ಬಿಸಿಯ ಲೆಕ್ಕ ಒಂದು ನೋಡಿಬಿಡೋಣ. ಬ್ರೇಕ್ ಮಾಡುವ ಕೆಲಸ ಒಂದೇ: ಓಟವನ್ನು ಶಾಖವಾಗಿ ಬದಲಾಯಿಸುವುದು. ಬೈಕು, ಇಬ್ಬರು ಸವಾರರು, ಚೀಲ ಎಲ್ಲ ಸೇರಿ 260 ಕೆಜಿ ಅಂತ ಇಟ್ಕೊಳ್ಳಿ. ಅಷ್ಟು ತೂಕ 500 ಮೀಟರ್ ಎತ್ತರದಿಂದ ಕೆಳಗೆ ಇಳಿಯಬೇಕು, ವೇಗ ಮಾತ್ರ ಹೆಚ್ಚಬಾರದು. ಎಂಜಿನ್ ಸಹಾಯವೇ ಇಲ್ಲದೆ, ಗಾಳಿಯ ತಡೆಯನ್ನೂ ಬಿಟ್ಟು ಲೆಕ್ಕ ಹಾಕಿದರೆ, ಆ ಇಳಿತದಲ್ಲಿ ಹುಟ್ಟುವ ಶಾಖ ಸುಮಾರು ನಾಲ್ಕು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ಒಲೆಯ ಮೇಲೆ ಇಡುವ ಒಂದು ಮಧ್ಯಮ ಪಾತ್ರೆ ನೀರು. ಅಷ್ಟೂ ಶಾಖ ಅಂಗೈಯಗಲದ ಎರಡು ಹಬ್‌ಗಳ ಒಳಗೆ ಹೋಗಿ ಕೂರಬೇಕು. ಹಿಂದಿನ ಬ್ರೇಕ್ ಒಂದನ್ನೇ ಒತ್ತುವವರಾದರೆ ಒಂದೇ ಹಬ್‌ನೊಳಗೆ.

ಅಲ್ಲಿ ಏನಾಗುತ್ತದೆ? ಡ್ರಮ್ ಬ್ರೇಕ್ ಅಂದರೆ ಒಂದು ದುಂಡನೆಯ ಲೋಹದ ಡಬ್ಬಿ. ಒಳಗೆ ಅರ್ಧಚಂದ್ರಾಕಾರದ ಎರಡು ಶೂ, ಅವುಗಳ ಮೇಲೆ ಅಂಟಿಸಿದ ಲೈನರ್. ಪೆಡಲ್ ಒತ್ತಿದರೆ ಒಂದು ಕ್ಯಾಮ್ ತಿರುಗಿ ಶೂಗಳನ್ನು ಹೊರಕ್ಕೆ ತಳ್ಳುತ್ತದೆ, ಅವು ಡ್ರಮ್‌ನ ಒಳಗೋಡೆಗೆ ಉಜ್ಜುತ್ತವೆ. ಡ್ರಮ್ ಕಾದರೆ ಹಿಗ್ಗುತ್ತದೆ, ಅಂದರೆ ಶೂನಿಂದ ದೂರ ಸರಿಯುತ್ತದೆ. 130 ಮಿಲಿಮೀಟರ್ ಅಗಲದ ಡ್ರಮ್, ನಮ್ಮಲ್ಲಿ ಸಾಮಾನ್ಯವಾಗಿ ಓಡಾಡುವ 100 ಸಿಸಿ ಬೈಕುಗಳ ಅಳತೆ ಅದು, ಅದರ ಎರಕದ ಕಬ್ಬಿಣದ ಬಳೆ 200 ಡಿಗ್ರಿ ಹೆಚ್ಚು ಕಾದರೆ ಕಾಲು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿಯೇ ಹಿಗ್ಗುತ್ತದೆ. ಕಾಲು ಮಿಲಿಮೀಟರ್ ಏನು ಮಹಾ ಅನ್ನಬೇಡಿ. ಪೆಡಲ್ ಇರುವ ಜಾಗಕ್ಕೆ ಬರುವಷ್ಟರಲ್ಲಿ ಅದು ಹಲವು ಪಟ್ಟು ದೊಡ್ಡದಾಗಿರುತ್ತದೆ. ಅದರ ಜೊತೆಗೆ ಲೈನರ್ ಮಿತಿಮೀರಿ ಕಾದರೆ ಅದರ ಹಿಡಿತವೂ ಕಡಿಮೆಯಾಗುತ್ತದೆ. ಎರಡೂ ಒಟ್ಟಿಗೆ ಬಂದಾಗ ಕಾಲಿನ ಕೆಳಗೆ ಏನೂ ಇಲ್ಲ ಅನ್ನಿಸುತ್ತದೆ.

ಈಗ ಒಂದು ತಮಾಷೆ ನೋಡಿ. ಕಾದ ಕಬ್ಬಿಣದ ಬಳೆ ಹಿಗ್ಗುತ್ತದೆ ಅನ್ನುವುದು ನಮ್ಮ ಹಳ್ಳಿಗಳಿಗೆ ಹೊಸ ಸಂಗತಿಯೇ ಅಲ್ಲ. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುತ್ತಿದ್ದುದು ಹೇಗೆ? ಪಟ್ಟಿಯನ್ನು ಬೇಕೆಂದೇ ಚಕ್ರಕ್ಕಿಂತ ಒಂದು ಚೂರು ಚಿಕ್ಕದಾಗಿ ಮಾಡುತ್ತಿದ್ದರು. ನೆಲದ ಮೇಲೆ ಬೆರಣಿ, ಸೌದೆ ಜೋಡಿಸಿ ಕೆಂಪಗೆ ಕಾಯಿಸಿದರೆ ಅದು ಹಿಗ್ಗುತ್ತಿತ್ತು. ಇಕ್ಕಳದಲ್ಲಿ ಹಿಡಿದು ಚಕ್ರದ ಸುತ್ತ ಇಳಿಸಿ, ನೀರು ಸುರಿದರೆ ಕುಗ್ಗಿ ಕಚ್ಚಿಕೊಳ್ಳುತ್ತಿತ್ತು. ಮೊಳೆಯ ಹಂಗಿಲ್ಲದ ಹಿಡಿತ. ಕುಲುಮೆಯ ಮುಂದೆ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಪ್ರತಿ ಹುಡುಗನಿಗೂ ಶಾಖದ ಹಿಗ್ಗು ಅಂದರೇನು ಅಂತ ಪಾಠವಿಲ್ಲದೆ ಗೊತ್ತಿತ್ತು.

ಹಾಗೆಯೇ ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಮಾಡಿದ ಕಪ್ಪು ಮುದ್ದೆ, ಅದನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೆ ನೇತುಹಾಕುತ್ತಿದ್ದರು. ದೂರದ ಪಯಣಕ್ಕೆ ಮುಂಚೆ ಕಡಾಣಿ ತೆಗೆದು, ಚಕ್ರ ಸರಿಸಿ, ಇರಚಿಗೆ ಅದನ್ನು ಸವರುವುದು ಗಾಡಿ ಹೊಡೆಯುವವನ ಕೆಲಸ. ಇನ್ನೊಬ್ಬ ಬಂದು ಮಾಡಿಕೊಡುವ ಕೆಲಸ ಅಲ್ಲ. ಬ್ರೇಕ್ ಮಾತ್ರ ಬಹುತೇಕ ಗಾಡಿಗಳಿಗೆ ಇರಲಿಲ್ಲ, ಅಥವಾ ಇತ್ತು ಅನ್ನಿ, ಎತ್ತಿನ ಹೆಗಲಿನ ರೂಪದಲ್ಲಿ. ಇಳಿಜಾರಿನಲ್ಲಿ ನೊಗ ಮುಂದಕ್ಕೆ ತಳ್ಳಿದಾಗ ಹಿಂದಕ್ಕೆ ಒದ್ದು ನಿಲ್ಲುತ್ತಿದ್ದುದು ಆ ಮೂಕ ಪ್ರಾಣಿ. ನಮ್ಮ ಸೀಮೆ ಹೆಚ್ಚು ಕಡಿಮೆ ಬಯಲು. ಕಾಯಿ ಹೇರಿಕೊಂಡು ತಿಪಟೂರಿಗೆ ಬರುವ ಗಾಡಿಗೆ ದೊಡ್ಡ ಇಳಿತ ಅಂತ ಸಿಗುತ್ತಿದ್ದುದು ಕೆರೆ ಏರಿಯಿಂದ ಇಳಿಯುವಾಗ.

ಇದೇ ಸಮಸ್ಯೆಯನ್ನು ಬೆಟ್ಟದ ಸೀಮೆಯವರು ಬೇರೆ ಥರ ಎದುರಿಸಿದ್ದರು. ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಳಲ್ಲಿ ಕುದುರೆ ಗಾಡಿಯವರು ಮರದ ಬ್ರೇಕ್ ಕಟ್ಟಿಗೆಗೆ ಹಳೆಯ ಬೂಟಿನ ಚರ್ಮ ಹೊಡೆದು ಇಳಿಯುತ್ತಿದ್ದರಂತೆ. ಅದನ್ನು ಗಮನಿಸಿದ ಹರ್ಬರ್ಟ್ ಫ್ರೂಡ್ ಎಂಬಾತ 1897ರಲ್ಲಿ ಬ್ರೇಕಿಗೆ ಅಂಟಿಸುವ ಹೊದಿಕೆಗಳ ಪ್ರಯೋಗ ಶುರು ಮಾಡಿದ. ಮುಂದೆ ಅದೇ ಫೆರೋಡೊ ಎಂಬ ಕಂಪನಿಯಾಯಿತು, ಬ್ರೇಕ್ ಲೈನರ್ ಎಂಬ ವಸ್ತು ಅಲ್ಲಿಂದ ಜಗತ್ತಿಗೆ ಹರಡಿತು. 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕಿಗೆ ಈಗ ನಾವು ಗುರುತಿಸುವ ರೂಪ ಕೊಟ್ಟ. ಶೂ ಅನ್ನುವ ಹೆಸರು ಬೂಟಿನ ಆ ಕತೆಯಿಂದ ಬಂದದ್ದಲ್ಲ, ಆದರೂ ಹೊಂದಿಕೆ ಚೆನ್ನಾಗಿದೆ.

ನಮ್ಮ ಕಡೆಗೆ ಬರೋಣ. ಬೆಂಗಳೂರು–ಹರಿಹರ ರೈಲು ದಾರಿ 1889ರ ಹೊತ್ತಿಗೆ ಪೂರ್ತಿಯಾಗಿತ್ತು, ತಿಪಟೂರು ಆ ದಾರಿಯ ಮೇಲೇ ಇತ್ತು. ಕೊಬ್ಬರಿ ದೂರದ ಪೇಟೆಗೆ ರೈಲಿನಲ್ಲಿ ಹೋಗಲು ಅನುಕೂಲವಾಯಿತು. ಸ್ಟೇಷನ್ನಿನವರೆಗಿನ ಹಾದಿ ಮಾತ್ರ ಎತ್ತಿನ ಗಾಡಿಯದೇ. ಆಮೇಲೆ ಸೈಕಲ್ ಬಂತು. ಸೈಕಲ್ ಶಾಪ್ ನಮ್ಮ ಊರುಗಳ ಮೊದಲ ತಾಂತ್ರಿಕ ಶಾಲೆ ಅಂದರೆ ತಪ್ಪಿಲ್ಲ. ಗಂಟೆಗಿಷ್ಟು ಅಂತ ಬಾಡಿಗೆ, ಪಂಚರ್, ಚೈನು ಬಿಗಿ, ಬ್ರೇಕ್ ಕಟ್ಟೆ ಬದಲಾವಣೆ. ಸೈಕಲ್ಲಿನ ಬ್ರೇಕು ಕಣ್ಣಿಗೆ ಕಾಣುತ್ತದೆ ನೋಡಿ. ರಬ್ಬರ್ ಕಟ್ಟೆ ರಿಮ್ಮಿಗೆ ತಾಗುತ್ತದೋ ಇಲ್ಲವೋ ಅಂತ ಬಗ್ಗಿ ನೋಡಿದರೆ ಸಾಕು. ಸರ್ಕಾರದ ಕಡೆಯಿಂದಲೂ ಕೆಲಸ ಆಗದೇ ಇರಲಿಲ್ಲ. 1943ರಲ್ಲಿ ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಆಯಿತು, 1950ರಿಂದ ಐಟಿಐಗಳ ಯೋಜನೆ ಬಂತು. ಅವು ಕಾರ್ಖಾನೆಗೆ ಬೇಕಾದ ಕುಶಲಕರ್ಮಿಗಳನ್ನು ತಯಾರು ಮಾಡಿದವು. ತನ್ನ ಗಾಡಿಯನ್ನು ತಾನೇ ನೋಡಿಕೊಳ್ಳಬೇಕಾದ ರೈತನಿಗೆ ಪಾಠ ಹೇಳುವುದು ಅವುಗಳ ಉದ್ದೇಶವೇ ಆಗಿರಲಿಲ್ಲ.

1961ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ರುಸ್ತುಂ ಇರಾನಿ, ಫರೂಖ್ ಇರಾನಿ ಅವರ ಉದ್ಯಮ. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. ಚೆಕೊಸ್ಲೊವಾಕಿಯಾದ ವಿನ್ಯಾಸ, ಮೈಸೂರಿನ ಕೈಗಳು. ಅದೇ ವರ್ಷ ದೇಶದಲ್ಲಿ ಅಪ್ರೆಂಟಿಸ್ ಕಾಯ್ದೆಯೂ ಬಂತು, ಅದು ಕಾಕತಾಳೀಯ. 1973ರಿಂದ ಅದೇ ಕಾರ್ಖಾನೆಯ ಗಾಡಿಗಳು ಯೆಜ್ಡಿ ಹೆಸರಿನಲ್ಲಿ ಬಂದವು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಹಳೇ ಮೈಸೂರಿನ ತೋಟದ ಯಜಮಾನರು, ಮೇಷ್ಟ್ರುಗಳು, ಕೊಬ್ಬರಿ ವ್ಯಾಪಾರಿಗಳ ಮನೆಗಳಲ್ಲಿ ಜಾವಾ ಅನ್ನುವುದು ಬರೀ ಗಾಡಿಯಾಗಿರಲಿಲ್ಲ. ಸದ್ದು ಕೇಳಿಯೇ ಯಾರು ಬಂದರು ಅಂತ ಹೇಳಬಹುದಿತ್ತು.

ಇಲ್ಲಿಯೇ ನನ್ನ ವಾದದ ಗಂಟು ಇರುವುದು. ಜಾವಾ ಎರಡು ಸ್ಟ್ರೋಕಿನ ಗಾಡಿ. ಅದರ ಎಂಜಿನ್ನಿಗೆ ಬೇರೆ ಆಯಿಲ್ ತೊಟ್ಟಿ ಇಲ್ಲ. ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಬೇಕು. ಆ ಬೆರೆಸಿದ ಪೆಟ್ರೋಲು ಒಳಗೆ ಹೋದಾಗಲೇ ಪಿಸ್ಟನ್ನಿಗೂ ಬೇರಿಂಗಿಗೂ ಎಣ್ಣೆ ಸಿಗುವುದು. ಈಗ ಯೋಚಿಸಿ: ಉದ್ದನೆಯ ಇಳಿಜಾರಿನಲ್ಲಿ ಗೇರಿನಲ್ಲೇ ಇಟ್ಟು ಆಕ್ಸಲರೇಟರ್ ಪೂರ್ತಿ ಬಿಟ್ಟರೆ ಏನಾಗುತ್ತದೆ? ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆದರೆ ಪೆಟ್ರೋಲು ಬರುವುದಿಲ್ಲ, ಆದ್ದರಿಂದ ಎಣ್ಣೆಯೂ ಬರುವುದಿಲ್ಲ. ಎಂಜಿನ್ ಒಣಗುತ್ತದೆ. ಪಿಸ್ಟನ್ ಜಾಮ್ ಆದರೆ ಹಿಂದಿನ ಚಕ್ರವೇ ಹಿಡಿದುಕೊಳ್ಳಬಹುದು. ಇದು ಕಟ್ಟುಕತೆ ಅಲ್ಲ. ಸ್ವೀಡನ್ನಿನ ಸಾಬ್ ಕಂಪನಿ ತನ್ನ ಎರಡು ಸ್ಟ್ರೋಕಿನ ಕಾರುಗಳಲ್ಲಿ ಇದೇ ಕಾರಣಕ್ಕೆ ಫ್ರೀವೀಲ್ ಇಟ್ಟಿತ್ತು, ಸೈಕಲ್ಲಿನ ಹಾಗೆ. ಆಕ್ಸಲರೇಟರ್ ಬಿಟ್ಟರೆ ಚಕ್ರ ತನ್ನ ಪಾಡಿಗೆ ಉರುಳುತ್ತದೆ, ಎಂಜಿನ್ ಐಡ್ಲಿಂಗಿಗೆ ಬರುತ್ತದೆ.

ಜಾವಾದಲ್ಲಿ ಫ್ರೀವೀಲ್ ಇರಲಿಲ್ಲ. ಆದ್ದರಿಂದ ಸವಾರರು ಅದನ್ನು ಕೈಯಲ್ಲೇ ಮಾಡಿಕೊಂಡರು: ಇಳಿಜಾರು ಬಂದರೆ ನ್ಯೂಟ್ರಲ್. ಎಂಜಿನ್ ಉಳಿಯಿತು, ಪೆಟ್ರೋಲೂ ಒಂದು ಗುಟುಕು ಉಳಿಯಿತು. ಅದು ಆ ಕಾಲಕ್ಕೆ ದಡ್ಡತನ ಅಲ್ಲ, ಅನುಭವದ ಜಾಣತನ. ಎರಡು ಸ್ಟ್ರೋಕಿನ ಎಂಜಿನ್ ಇಳಿಜಾರಿನಲ್ಲಿ ಹಿಡಿದು ನಿಲ್ಲಿಸುವ ಶಕ್ತಿಯೂ ಕಡಿಮೆ, ಆದ್ದರಿಂದ ಕಳೆದುಕೊಂಡದ್ದೂ ಹೆಚ್ಚೇನಿಲ್ಲ ಅನ್ನಿಸುತ್ತಿತ್ತು. ಬೆಲೆ ತೆತ್ತದ್ದು ಬ್ರೇಕು. ಆದರೆ ನಮ್ಮದು ಬಯಲು ಸೀಮೆಯಾದ್ದರಿಂದ ಆ ಲೆಕ್ಕ ಯಾರ ಕಣ್ಣಿಗೂ ಬೀಳಲಿಲ್ಲ. ಮಲೆನಾಡಿನ ಜಾವಾ ಸವಾರನಿಗೆ ದಿನವೂ ಎದುರಾಗುತ್ತಿದ್ದ ಇಕ್ಕಟ್ಟು ಅದು. ನಮ್ಮವನಿಗೆ ವರ್ಷಕ್ಕೊಮ್ಮೆ, ಧರ್ಮಸ್ಥಳಕ್ಕೆ ಹೋದಾಗ.

ಅಪ್ಪ ಮಗನಿಗೆ ಗಾಡಿ ಕಲಿಸಿದಾಗ ಇದನ್ನೂ ಕಲಿಸಿದ. ಕಾರಣ ಹೇಳಿಕೊಡಲಿಲ್ಲ, ಅಭ್ಯಾಸವನ್ನು ಮಾತ್ರ ಕೊಟ್ಟ.

ಜಾವಾ ಉಳ್ಳವರ ಗಾಡಿ. ತೆಂಗಿನ ಸೀಮೆಯ ಬಾಳನ್ನು ನಿಜವಾಗಿ ಬದಲಾಯಿಸಿದ್ದು ಮೊಪೆಡ್. 1972ರಲ್ಲಿ ಪುಣೆಯ ಲೂನಾ ಬಂತು. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂತು, ಇಬ್ಬರು ಕೂರಬಹುದಾದ ಮೊಪೆಡ್. ಇದರ ಹಿಂದಿನ ಕತೆ ನನಗೆ ಬಹಳ ಇಷ್ಟ. 1911ರಲ್ಲಿ ಮಧುರೆಯಲ್ಲಿ ಟಿ.ವಿ. ಸುಂದರಂ ಅಯ್ಯಂಗಾರ್ ಶುರು ಮಾಡಿದ ಮನೆತನದ ಉದ್ಯಮ ಅದು. ಆ ಮನೆತನ ಬಿಡಿಭಾಗಗಳ ತಯಾರಿಕೆಗೆ ಇಳಿದಾಗ ಮೊದಮೊದಲು ಕೈ ಹಾಕಿದ್ದು ಯಾವುದಕ್ಕೆ ಗೊತ್ತಾ? ಬ್ರೇಕಿಗೆ. 1962ರಲ್ಲಿ ಇಂಗ್ಲೆಂಡಿನ ಕ್ಲೇಟನ್ ಡೆವಾಂಡರ್ ಜೊತೆ ಸೇರಿ ಸುಂದರಂ ಕ್ಲೇಟನ್, ಲಾರಿ ಬಸ್ಸುಗಳ ಏರ್ ಬ್ರೇಕ್ ಮಾಡಲು. ಅದೇ ವರ್ಷ ಬ್ರೇಕ್ಸ್ ಇಂಡಿಯಾ. ಹೊಸೂರಿನ ಮೊಪೆಡ್ ಕಾರ್ಖಾನೆ ಹುಟ್ಟಿದ್ದು ಇದೇ ಸುಂದರಂ ಕ್ಲೇಟನ್‌ನ ಒಂದು ವಿಭಾಗವಾಗಿ. ಅಂದರೆ ನಮ್ಮ ತೋಟದ ದಾರಿಗಳಲ್ಲಿ ಬ್ರೇಕನ್ನು ಯಾರೂ ನೆನೆಯದೆ ಓಡಿಸುವ ಆ ಗಾಡಿ, ಬ್ರೇಕ್ ಕಂಪನಿಯ ಕೂಸು.

ಆಮೇಲೆ ಬಂದ ಎಕ್ಸೆಲ್ ಬಗ್ಗೆ ಇಲ್ಲಿ ಹೇಳುವುದೇ ಬೇಡ. ಮುಂದೆ ಚಪ್ಪಟೆ ಜಾಗ, ಹಿಂದೆ ಸೀಟು ಬಿಚ್ಚಿದರೆ ಇನ್ನೊಂದು ಜಾಗ. ಹಾಲಿನ ಕ್ಯಾನು, ಮೇವಿನ ಹೊರೆ, ಎಳನೀರು ಗೊಂಚಲು, ಕಾಯಿ ಚೀಲ. ಸಿಪ್ಪೆ ಸಮೇತ ಒಣಕಾಯಿ ಒಂದಕ್ಕೆ ಒಂದು ಕೆಜಿ ಅಂತ ಹಿಡಿದರೂ ನೂರು ಕಾಯಿ ಅಂದರೆ ಗಾಡಿಯ ಸ್ವಂತ ತೂಕಕ್ಕಿಂತ ಹೆಚ್ಚು, ಮೇಲೆ ಹೊಡೆಯುವವನು ಬೇರೆ. ಇದಕ್ಕೆ ಬದಲಾಯಿಸುವ ಗೇರ್ ಇಲ್ಲ. ವೇಗ ಇಳಿದರೆ ಕ್ಲಚ್ ತಾನೇ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಭಾರವನ್ನು ತಡೆಯುವ ಕೆಲಸ ಬಹುಪಾಲು ಪುಟ್ಟ ಡ್ರಮ್‌ಗಳದ್ದೇ. 2015ರಲ್ಲಿ ನಾಲ್ಕು ಸ್ಟ್ರೋಕಿನ ಎಕ್ಸೆಲ್ 100 ಬಂದ ಮೇಲೂ ಈ ಮಾತು ಬದಲಾಗಿಲ್ಲ. ಬಯಲಿನಲ್ಲಿ, 30ರ ವೇಗದಲ್ಲಿ, ಇದು ನಡೆಯುತ್ತದೆ. ದಿಬ್ಬದ ಊರಿನಲ್ಲಿ ಅಷ್ಟೇ ಹೇರಿದರೆ ನಡೆಯುವುದಿಲ್ಲ.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ನಾಲ್ಕು ಸ್ಟ್ರೋಕ್. ಎಂಜಿನ್ನಿನ ತಳದಲ್ಲೇ ಆಯಿಲ್ ಇರುತ್ತದೆ, ತಿರುಗಿದಷ್ಟೂ ಪಂಪ್ ಆಗುತ್ತದೆ. ಆಕ್ಸಲರೇಟರ್ ಬಿಟ್ಟರೂ ಒಣಗುವ ಮಾತಿಲ್ಲ. ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತದೆ. ನ್ಯೂಟ್ರಲ್ ಅಭ್ಯಾಸಕ್ಕಿದ್ದ ದೊಡ್ಡ ಕಾರಣ ಆವತ್ತೇ ತೀರಿಹೋಯಿತು. ಅಭ್ಯಾಸ ಮಾತ್ರ ಹೋಗಲಿಲ್ಲ, ಯಾಕೆಂದರೆ ಕಾರಣವನ್ನು ಯಾರೂ ಹೇಳಿಕೊಟ್ಟಿರಲೇ ಇಲ್ಲವಲ್ಲ. ಇನ್ನೊಂದೂ ಆಯಿತು. ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಅನ್ನುವ ಅರ್ಥದ ಜಾಹೀರಾತು ಆ ಬೈಕಿನದು. ಜನ ಅದನ್ನು ಅಕ್ಷರಶಃ ಪಾಲಿಸಿದರು. ಜಾವಾ ಇಟ್ಟುಕೊಂಡವನು ವಿಧಿಯಿಲ್ಲದೆ ಪ್ಲಗ್ ಬಿಚ್ಚಿ ಉಜ್ಜಬೇಕಿತ್ತು, ಸೈಲೆನ್ಸರ್ ಕರಿ ತೆಗೆಸಬೇಕಿತ್ತು, ಹಾಗಾಗಿ ಅವನ ಕೈಗೆ ಸ್ಪ್ಯಾನರ್ ಅಭ್ಯಾಸ ಇತ್ತು. ಕೆಡದ ಬೈಕು ಬಂದ ಮೇಲೆ ಸ್ಪ್ಯಾನರ್ ಸೀಟಿನ ಕೆಳಗಿನ ಚೀಲದಲ್ಲೇ ತುಕ್ಕು ಹಿಡಿಯಿತು. ಒಳ್ಳೆಯ ಗಾಡಿಯಿಂದಲೂ ಒಂದು ನಷ್ಟ ಆಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ನನಗೆ ತೋಚುವುದಿಲ್ಲ.

ಇಷ್ಟು ಹೊತ್ತು ಘಾಟಿಯ ಬಿಸಿ. ಬಯಲಿನಲ್ಲೂ ಬ್ರೇಕ್ ಕಾಯುತ್ತದೆ, ಅದು ಬೇರೆ ಕಾಯಿಲೆ. ಬ್ರೇಕ್ ಒತ್ತದೇ ಇದ್ದಾಗಲೂ ಶೂ ಡ್ರಮ್ಮಿಗೆ ತಾಗಿಕೊಂಡೇ ಇರುತ್ತದೆ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವುದು ಒಂದು ಕಾರಣ, ಕೆಲವರಿಗೆ ಅದು ಗೊತ್ತೇ ಆಗುವುದಿಲ್ಲ. ರಾಡಿನ ನಟ್ಟು ಅತಿಯಾಗಿ ಬಿಗಿದಿರುವುದು ಇನ್ನೊಂದು. ಕ್ಯಾಮ್ ತಿರುಗುವ ಜಾಗದಲ್ಲಿ ಧೂಳು ತುಂಬಿ, ಗ್ರೀಸ್ ಒಣಗಿ, ಪೆಡಲ್ ಬಿಟ್ಟರೂ ಕ್ಯಾಮ್ ಹಿಂದಕ್ಕೆ ಬಾರದಿರುವುದು ಮತ್ತೊಂದು. ತೋಟದ ದಾರಿಯ ಕೆಮ್ಮಣ್ಣು ಧೂಳಿಗೆ ಇದು ಸಹಜ. ಒಳಗಿನ ಸ್ಪ್ರಿಂಗ್ ಸೋತಿದ್ದರೂ ಹೀಗೇ. ಗಾಡಿ ಭಾರ ಅನ್ನಿಸುತ್ತದೆ, ಮೈಲೇಜ್ ಬೀಳುತ್ತದೆ, ಜನ ಕಾರ್ಬುರೇಟರ್ ಟ್ಯೂನಿಂಗ್ ಮಾಡಿಸಲು ಹೋಗುತ್ತಾರೆ.

ಕಂಡುಹಿಡಿಯುವುದಕ್ಕೆ ಗ್ಯಾರೇಜ್ ಬೇಡ. ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಚೈನಿನ ಸಣ್ಣ ಸದ್ದಿನ ಜೊತೆ ಸಲೀಸಾಗಿ ಸುತ್ತಬೇಕು. ಸರ್ ಸರ್ ಅಂತ ಒಂದೇ ಜಾಗದಲ್ಲಿ ಉಜ್ಜಿದರೆ ಡ್ರಮ್ ಓರೆಯಾಗಿದೆ, ಉದ್ದಕ್ಕೂ ಉಜ್ಜಿದರೆ ಬಿಗಿ ಜಾಸ್ತಿ. ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಉಂಡೆ ಬಿಟ್ಟುಕೊಂಡಿದೆಯೋ, ನೀರು ಇನ್ನೂ ಇದೆಯೋ ಅಂತ ಹೇಳುವ ಜನ ನಾವು. ವರ್ಷಗಟ್ಟಲೆ ಕೊಬ್ಬರಿ ಸದ್ದು ಕೇಳಿದ ಕಿವಿಗೆ ಈ ಸದ್ದು ತಿಳಿಯದೇ ಇರುವುದಿಲ್ಲ. ಪೆಡಲ್ಲಿನ ತುದಿ ಬ್ರೇಕ್ ಹಿಡಿಯುವ ಮುಂಚೆ ಸುಮಾರು 20ರಿಂದ 30 ಮಿಲಿಮೀಟರ್ ಖಾಲಿ ಆಡಬೇಕು ಅಂತ ಎಷ್ಟೋ ಬೈಕುಗಳ ಕೈಪಿಡಿ ಹೇಳುತ್ತದೆ, ನಿಮ್ಮ ಗಾಡಿಯದ್ದನ್ನು ಅದರಲ್ಲೇ ನೋಡಿಕೊಳ್ಳಿ. ರಾಡಿನ ತುದಿಯ ನಟ್ಟು ಅರ್ಧ ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ, ಅಷ್ಟೇ ಕೆಲಸ. ಅನೇಕ ಬೈಕುಗಳಲ್ಲಿ ಬ್ರೇಕ್ ತೋಳಿನ ಹತ್ತಿರ ಒಂದು ಬಾಣದ ಗುರುತೂ ಇರುತ್ತದೆ. ಬ್ರೇಕ್ ಪೂರ್ತಿ ಒತ್ತಿದಾಗ ಅದು ಗೆರೆ ದಾಟಿದರೆ ಶೂ ಸವೆದಿದೆ ಅಂತ ಲೆಕ್ಕ, ನಟ್ಟು ಬಿಗಿದು ಪ್ರಯೋಜನವಿಲ್ಲ.

ಪಂಚರ್ ಹಾಕಿಸಿದ ಮೇಲೆ ಇದನ್ನು ನೋಡಲೇಬೇಕು. ಹಿಂದಿನ ಚಕ್ರ ಬಿಚ್ಚಿ ಹಾಕುವಾಗ ರಾಡ್ ನಟ್ಟು ಅಂದಾಜಿಗೆ ಬಿಗಿಯುವುದು ಮಾಮೂಲು. ಡ್ರಮ್ಮಿನ ಮುಚ್ಚಳ ತಿರುಗದಂತೆ ಹಿಡಿಯುವ ಟಾರ್ಕ್ ರಾಡಿನ ಬೋಲ್ಟು, ಅದರ ಪಿನ್ನು, ಎರಡೂ ವಾಪಸ್ ಬಂದಿವೆಯೇ ಅಂತ ಬಗ್ಗಿ ನೋಡಿ. ಆ ರಾಡ್ ಬಿಟ್ಟುಹೋದರೆ ಬ್ರೇಕ್ ಒತ್ತಿದಾಗ ಮುಚ್ಚಳವೇ ಸುತ್ತಿಕೊಂಡು ಚಕ್ರ ಕಟ್ಟಿಹಾಕಬಹುದು.

ಈಗ ಕುಲುಮೆಯ ವಿಷಯಕ್ಕೆ ವಾಪಸ್ ಬರಬೇಕು. ಘಾಟಿಯಲ್ಲಿ ಪೆಡಲ್ ಆಳಕ್ಕೆ ಹೋಯಿತು ಅಂತ ಗಾಡಿ ನಿಲ್ಲಿಸಿ, ಅಲ್ಲೇ ಬಿಸಿ ಬಿಸಿ ಇರುವಾಗಲೇ ನಟ್ಟು ಬಿಗಿಯುವವರಿದ್ದಾರೆ. ಕೂಡಲೇ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ಖುಷಿಯಾಗುತ್ತದೆ. ಆದರೆ ಹಿಗ್ಗಿದ ಡ್ರಮ್ಮಿಗೆ ಹೊಂದಿಸಿದ ಶೂ ಅದು. ಡ್ರಮ್ ಆರಿ ಕುಗ್ಗಿದಾಗ ಏನಾಗುತ್ತದೆ? ಚಕ್ರದ ಪಟ್ಟಿಗೆ ನೀರು ಸುರಿದಾಗ ಆದದ್ದೇ. ಕಚ್ಚಿಕೊಳ್ಳುತ್ತದೆ. ಒಂದು ಚಹಾ ಕುಡಿದು ಹೊರಟರೆ ಗಾಡಿ ಎಳೆಯುವುದಿಲ್ಲ, ಮುಂದಿನ ಬಯಲಿನಲ್ಲಿ ಬ್ರೇಕ್ ಒತ್ತದೆಯೇ ಮತ್ತೆ ಕಾಯುತ್ತದೆ. ಬ್ರೇಕ್ ಹೊಂದಿಸುವುದು ಯಾವಾಗಲೂ ತಣ್ಣಗಿರುವಾಗ. ಕಾದ ಡ್ರಮ್ಮಿನ ಮೇಲೆ ನೀರು ಸುರಿಯುವುದೂ ಬೇಡ. ಮರದ ಚಕ್ರಕ್ಕೆ ಅದು ಬೇಕಿತ್ತು, ಎರಕದ ಲೋಹಕ್ಕೆ ಒಮ್ಮೆಲೇ ತಣ್ಣೀರು ಬಿದ್ದರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.

ಎಣ್ಣೆ ವಿಷಯದಲ್ಲಿ ನಮ್ಮ ಸೀಮೆಗೊಂದು ವಿಶೇಷ ಎಚ್ಚರಿಕೆ. ಮನೆಯಲ್ಲಿ ಕೊಬ್ಬರಿ ಎಣ್ಣೆ ಯಾವಾಗಲೂ ಇರುತ್ತದೆ, ಕೈ ಅದಕ್ಕೇ ಹೋಗುತ್ತದೆ. ಬಾಗಿಲಿನ ತಿರುಗಣಿಗೆ ಸರಿ. ಕ್ಯಾಮಿಗೂ ಕೇಬಲ್ಲಿಗೂ ಬೇಡ. ಅದು ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಸಮುದ್ರ ಮಟ್ಟದಿಂದ 800 ಮೀಟರಿಗೂ ಮೇಲಿರುವ ತಿಪಟೂರಿನ ಚಳಿಗಾಲದ ಬೆಳಗು ಅದಕ್ಕಿಂತ ತಣ್ಣಗಿರುತ್ತದೆ. ಧೂಳೂ ಕೂಡಿದರೆ ಅಂಟು. ಗ್ರೀಸ್, ಅದೂ ಕಡಲೆಕಾಳಿನಷ್ಟು, ಕ್ಯಾಮಿನ ಗೂಟಕ್ಕೆ ಮಾತ್ರ. ಲೈನರ್ ಮೇಲೆ ಒಂದು ಹನಿ ಬಿದ್ದರೂ ಬ್ರೇಕ್ ಹೋಯಿತು ಅಂತಲೇ.

ಡ್ರಮ್ ಬಿಚ್ಚಿದಾಗ ಒಳಗೆ ಬೂದಿಯಂಥ ಪುಡಿ ಇರುತ್ತದೆ. ಅದನ್ನು ಬಾಯಲ್ಲಿ ಊದುವುದು, ಗಾಳಿ ಪಂಪು ಹಿಡಿಯುವುದು ಹಳೆಯ ರೂಢಿ. ದಶಕಗಳ ಕಾಲ ಲೈನರ್‌ಗಳನ್ನು ಕಲ್ನಾರು ಬೆರೆಸಿಯೇ ಮಾಡುತ್ತಿದ್ದರು. ಕಲ್ನಾರಿನ ಎಳೆ ಶ್ವಾಸಕೋಶಕ್ಕೆ ಹೋದರೆ ಹತ್ತಾರು ವರ್ಷದ ನಂತರ ಕಾಯಿಲೆಯಾಗಿ ಹೊರಬರುತ್ತದೆ. ಈಗ ಎಷ್ಟೋ ಲೈನರ್‌ಗಳಲ್ಲಿ ಕಲ್ನಾರು ಇಲ್ಲ, ಆದರೆ ನಮ್ಮ ದೇಶದಲ್ಲಿ ಅದರ ಬಳಕೆ ಪೂರ್ತಿ ನಿಂತಿಲ್ಲ, ಅಗ್ಗದ ಬಿಡಿಭಾಗದಲ್ಲಿ ಏನಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ. ಗ್ಯಾರೇಜಿನಲ್ಲಿ ಕೆಲಸ ಕಲಿಯಲು ಕೂತ ಹದಿಹರೆಯದ ಹುಡುಗನ ಕೈಗೆ ಮೊದಲು ಕೊಡುವ ಕೆಲಸವೇ ಈ ಪುಡಿ ತೆಗೆಯುವುದು. ಇದು ನನಗೆ ಸಿಟ್ಟು ತರಿಸುವ ವಿಷಯ.

ಡಿಸ್ಕ್ ಬ್ರೇಕ್ ಇದ್ದವರು ನಮಗೆ ಇದ್ಯಾವುದೂ ಇಲ್ಲ ಅಂದುಕೊಳ್ಳಬೇಡಿ. ಗಾಳಿಗೆ ತೆರೆದಿರುವುದರಿಂದ ಡಿಸ್ಕ್ ಬೇಗ ಆರುತ್ತದೆ, ನಿಜ. ಆದರೆ ಅದರಲ್ಲಿ ದ್ರವ ಇದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿವರೆಗೂ ಕುದಿಯಬಾರದು ಅನ್ನುವುದು ನಿಯಮ. ಅದು ಗಾಳಿಯ ತೇವವನ್ನು ಹೀರುತ್ತದೆ, ಆಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಗುಳ್ಳೆ, ಗುಳ್ಳೆ ಬಂದರೆ ಲಿವರ್ ಹ್ಯಾಂಡಲ್‌ವರೆಗೂ ಬರುತ್ತದೆ. ಎಷ್ಟೋ ವರ್ಷ ದ್ರವ ಬದಲಾಯಿಸದ ಬೈಕು ಊರಿನಲ್ಲಿ ಸರಿಯಾಗಿಯೇ ನಿಲ್ಲುತ್ತದೆ, ಘಾಟಿಯಲ್ಲಿ ನಿಲ್ಲುವುದಿಲ್ಲ. ಇನ್ನು 2019ರ ಏಪ್ರಿಲ್ 1ರಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ವ್ಯವಸ್ಥೆ, ಅದಕ್ಕಿಂತ ಮೇಲಿನವಕ್ಕೆ ಎಬಿಎಸ್ ಕಡ್ಡಾಯವಾಯಿತು. ಒಳ್ಳೆಯದೇ. ಆದರೆ ಪೆಡಲ್ ಒತ್ತಿದರೆ ಮುಂದಿನ ಬ್ರೇಕನ್ನೂ ಎಳೆಯುವ ಗಾಡಿಯಲ್ಲಿ ಹಿಂದಿನದನ್ನು ಮಾತ್ರ ಮನಸ್ಸಿಗೆ ಬಂದಂತೆ ಬಿಗಿದರೆ ಮುಂದಿನದರ ಲೆಕ್ಕ ತಪ್ಪುತ್ತದೆ. ಕೈಪಿಡಿಯಲ್ಲಿ ಯಾವುದು ಮೊದಲು ಅಂತ ಇರುತ್ತದೆ. ಓದಿ.

ಇದನ್ನೆಲ್ಲ ಯಾರಿಗೆ ಹೇಳಿಕೊಡಬೇಕು ಅನ್ನುವಾಗ ಹುಡುಗರ ಹೆಸರೇ ಬರುತ್ತದೆ. ಹಾಲು ಡೈರಿಗೆ ಕ್ಯಾನು ಹೊತ್ತು ಎಕ್ಸೆಲ್ಲಿನಲ್ಲಿ ಹೋಗುವ ಹೆಂಗಸರು, ಸ್ಕೂಟಿಯಲ್ಲಿ ಕಾಲೇಜಿಗೆ ಹೋಗುವ ಹುಡುಗಿಯರು ಇವತ್ತು ನಮ್ಮ ರಸ್ತೆಗಳಲ್ಲಿ ಕಡಿಮೆ ಇಲ್ಲ. ಗಾಡಿ ಕೊಡಿಸುವಾಗ ಅವರಿಗೆ ಹೆಲ್ಮೆಟ್ಟು, ಹುಷಾರು ಅನ್ನುವ ಮಾತು ಸಿಗುತ್ತದೆ. ಸ್ಪ್ಯಾನರ್ ಸಿಗುವುದಿಲ್ಲ. ಹರಳೆಣ್ಣೆಯ ಗೊಟ್ಟದ ಕಾಲದಲ್ಲಿ ಗಾಡಿ ಹೊಡೆಯುವವನೇ ಗಾಡಿ ನೋಡಿಕೊಳ್ಳುವವನೂ ಆಗಿದ್ದ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಆ ಎರಡು ಕೆಲಸ ಎಲ್ಲೋ ಬೇರೆಯಾದವು.

ಚಾರ್ಮಾಡಿಗೆ ಹೊರಟವರಿಗೆ ಕೊನೆಯದಾಗಿ. ಹೊರಡುವ ಹಿಂದಿನ ಸಂಜೆ, ಗಾಡಿ ತಣ್ಣಗಿರುವಾಗ ಚಕ್ರ ತಿರುಗಿಸಿ ನೋಡಿ. ಕೊಟ್ಟಿಗೆಹಾರ ದಾಟಿ ಇಳಿತ ಶುರುವಾಗುವ ಮುಂಚೆಯೇ ಎರಡನೇ ಅಥವಾ ಮೂರನೇ ಗೇರಿಗೆ ಬನ್ನಿ, ಕ್ಲಚ್ ಬಿಟ್ಟೇ ಇರಿ, ಕೀ ಆಫ್ ಮಾಡಬೇಡಿ. ಬ್ರೇಕನ್ನು ಉದ್ದಕ್ಕೂ ಸವರುತ್ತಾ ಇಳಿಯುವ ಬದಲು, ಎರಡೂ ಬ್ರೇಕ್ ಸೇರಿಸಿ ಗಟ್ಟಿಯಾಗಿ ಒಮ್ಮೆ ಹಿಡಿದು, ವೇಗ ಇಳಿಸಿ, ಪೂರ್ತಿ ಬಿಡಿ. ವಾಸನೆ ಬಂದರೆ ಅದು ಲಾರಿಯದ್ದು ಅಂದುಕೊಳ್ಳದೆ, ಜಾಗ ಅಗಲ ಇರುವ ಕಡೆ ನಿಲ್ಲಿಸಿ ಅರ್ಧ ಗಂಟೆ ಕಾಯಿರಿ. ಹಳೇ ಜಾವಾ ಅಥವಾ ಯೆಜ್ಡಿ ತಂದಿದ್ದರೆ ನಿಮ್ಮ ಲೆಕ್ಕ ಬೇರೆ: ಗೇರಿನಲ್ಲೇ ಇಳಿಯಿರಿ, ಆದರೆ ಆಗಾಗ ಕ್ಲಚ್ ಹಿಡಿದು ಆಕ್ಸಲರೇಟರ್ ಒಮ್ಮೆ ತಿರುಗಿಸಿ ಎಂಜಿನ್ನಿಗೊಂದು ಗುಟುಕು ಎಣ್ಣೆ ಕೊಡಿ. ಉಜಿರೆಯಲ್ಲಿ ಇಳಿದ ಮೇಲೆ ಹಬ್ಬನ್ನು ಮುಟ್ಟಬೇಡಿ, ಕೈ ಸುಡುತ್ತದೆ. ಅಂಗೈ ಹಿಂಭಾಗವನ್ನು ಒಂದು ಗೇಣು ದೂರ ಹಿಡಿದರೆ ಸಾಕು, ಮುಂದಿನದು ಎಷ್ಟು, ಹಿಂದಿನದು ಎಷ್ಟು ಅಂತ ಗೊತ್ತಾಗುತ್ತದೆ.